ದೊರೆಸಾನಿಯ ದ್ರಾಕ್ಷಿ ಭರಣಿ

ಮೆಟ್ಟೂರು ಕ್ಯಾಂಪ್,
ಬುಧವಾರ, 19-12-1934

ಪುಟ್ಟಿಯ ತಂದೆಯವರಿಗೆ,

ನಮಸ್ಕಾರಗಳು. ಎಂದಿನಂತೆ ‘ಪ್ರೀತಿಯ’ ಎಂದು ಮೊದಲು ಮಾಡಲು ಹೋದೆ, ಕೈ ಬರಲಿಲ್ಲ, ಹಾಗೇ ಬಿಟ್ಟಿದ್ದೇನೆ. ನಿಮ್ಮ ಕೆಮ್ಮು ಹೇಗಿದೆ? ಧರ್ಮಪುರಿಯ ಕಡೆ ಬೆಳಗಿನ ಚಳಿ ಜಾಸ್ತಿ ಎನ್ನುತ್ತಾರೆ, ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ. ನಿಮ್ಮ ಟ್ರಂಕಿನ ತಳದಲ್ಲಿ ಖಾಕಿ ಷರಾಯಿಯ ಕೆಳಗೆ ಇಟ್ಟಿದ್ದೇನೆ. ಅಲ್ಲಿಯ ಅಡಿಗೆಯವನು ಖಾರ ಹೆಚ್ಚು ಹಾಕಿದರೆ ಮಜ್ಜಿಗೆ ಕೇಳಿ ತೆಗೆದುಕೊಳ್ಳಿ, ಸಂಕೋಚ ಬೇಡ. ಇಷ್ಟು ಕೇಳುವುದು ನನ್ನ ಕರ್ತವ್ಯ, ಕೇಳಿದ್ದಾಯಿತು. ಇನ್ನು ನಿಮ್ಮ ಕಾಗದದ ವಿಷಯ. ಇವತ್ತು ಬೆಳಗಿನ ಟಪ್ಪಾಲಿನಲ್ಲಿ ಬಂತು. ಎರಡು ಮಗ್ಗುಲೂ ತುಂಬಾ ಬರೆದಿದ್ದೀರಿ. ದೊರೆಸಾನಿಯವರ ಕ್ರಿಸ್‌ಮಸ್ ಮೇಜಿಗೆ ಸೇವಂತಿಗೆ ಸಾಕೇ, ಚೆಂಡುಹೂವೂ ಬೇಕೇ ಎಂದು ಕೇಳಿದ್ದೀರಿ. ಪಾನಕದಲ್ಲಿ ಏಲಕ್ಕಿ ಮುಂದಿರಲಿ, ಶುಂಠಿ ಹಿಂದಿರಲಿ, ಇಂಗ್ಲಿಷಿನವರ ಗಂಟಲು ಮೃದು ಎಂದಿದ್ದೀರಿ. ‘ಭರಣಿ ಜೋಪಾನ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೀರಿ. ಪುಟ್ಟಿಗೆ ಹಲ್ಲು ಮೂಡಿತೇ, ರಾತ್ರಿ ಅಳುತ್ತಾಳೆಯೇ, ನೀನು ಒಂದು ರೆಪ್ಪೆ ಮುಚ್ಚಿದೆಯಾ ಎಂದು ಒಂದು ಸಾಲಿಲ್ಲ. ಇರಲಿ. ನೀವು ಗೆರೆ ಎಳೆದ ಆ ಭರಣಿಯ ವಿಷಯವನ್ನೇ ಬರೆಯುತ್ತೇನೆ. ಓದುತ್ತಾ ಗಾಬರಿಯಾಗಬೇಡಿ, ಪುಟ್ಟಿ ಈಗ ಚೆನ್ನಾಗಿದ್ದಾಳೆ. ಅದನ್ನು ಕೊನೆಯಲ್ಲಿ ಹೇಳಿ ನಿಮ್ಮನ್ನು ಅಲ್ಲಿಯವರೆಗೆ ಬೇಯಿಸಬೇಕೆಂಬ ಆಸೆ ನನಗಿತ್ತು. ಅಷ್ಟು ಕೆಟ್ಟವಳಾಗುವುದು ಸಾಧ್ಯವಾಗಲಿಲ್ಲ.

ನೀವು ಧರ್ಮಪುರಿಗೆ ಹೊರಡುವ ಮುಂಚೆ ಆ ಭರಣಿಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿಕೊಂಡು ತಂದಿರಲ್ಲ, ಆ ದಿನ ನೆನಪಿದೆಯೇ? ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಮೇಣ ಮೆತ್ತಿತ್ತು. ದೊರೆಸಾನಿಯವರು ಹಬ್ಬದ ಕೇಕಿಗೆ ಹಣ್ಣು ನೆನೆ ಹಾಕಿದ್ದಾರೆ, ಬಂಗಲೆಯಲ್ಲಿಟ್ಟರೆ ಬಟ್ಲರ್ ಅಂತೋಣಿ ಕದಿಯುತ್ತಾನೆ, ಕೇಕು ಮಾಡುವವರೆಗೆ ನಮ್ಮ ಮನೆಯಲ್ಲಿರಲಿ ಎಂದಿರಿ. ಯಾತರಲ್ಲಿ ನೆನೆದಿದೆ ಎಂದು ನಾನು ಕೇಳಿದೆ. ಕೇಳಲಿಲ್ಲವೆಂದು ನಾಳೆ ಹೇಳಬೇಡಿ. ಒಲೆಯ ಮುಂದೆ ಕೂತಿದ್ದವಳು ತಿರುಗಿ ನಿಮ್ಮ ಮುಖ ನೋಡಿಯೇ ಕೇಳಿದೆ. “ಸಕ್ಕರೆ ಪಾಕ, ಲವಂಗ, ಚಕ್ಕೆ, ಇನ್ನೇನಿರುತ್ತೆ” ಎಂದಿರಿ. ನಿಮ್ಮ ತಾಯಿಯವರಿಗೂ ಅದನ್ನೇ ಹೇಳಿದಿರಿ. ಅವರು, “ದೊರೆಸಾನಿನೂ ನಮ್ ಅಂಗೇ ದ್ರಾಕ್ಷಿ ನೆನೆ ಆಕ್ತಾಳಾ, ಪರವಾಯಿಲ್ಲೆ!” ಎಂದು ಸಂತೋಷಪಟ್ಟರು. ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲಿ ತಾವೇ ಜಾಗ ಮಾಡಿ, ವಿಭೂತಿ ಬೆರಳಿನಿಂದ ಮುಟ್ಟಿ ಇಟ್ಟರು. ನೀವು ನೋಡುತ್ತಾ ನಿಂತಿದ್ದಿರಿ.

ಈಗ ನಮ್ಮ ಮನೆಯ ಸ್ಥಿತಿ ಹೇಳುತ್ತೇನೆ. ನೀವು ಹೋದ ಮೇಲೆ ಪುಟ್ಟಿ ಒಂದು ರಾತ್ರಿಯೂ ಸರಿಯಾಗಿ ಮಲಗಲಿಲ್ಲ. ಒಸಡು ಊದಿಕೊಂಡು ಕೆಂಪಾಗಿದೆ, ಹೊಟ್ಟೆ ಕಟ್ಟಿಕೊಂಡಿದೆ, ಹಾಲು ಕುಡಿದು ಕುಡಿದು ಬಿಡುತ್ತಾಳೆ. ಕಾರ್ತಿಕದಲ್ಲಿ ಅವಳಿಗೆ ಜ್ವರ ಬಂದು ಹೋದಾಗಿನಿಂದ ನನ್ನ ಸ್ಥಿತಿ ನಿಮಗೆ ಗೊತ್ತು. ಅವಳು ಅತ್ತರೆ ಭಯ, ಅಳದಿದ್ದರೆ ಇನ್ನೂ ಭಯ, ಮೂಗಿನ ಹತ್ತಿರ ಬೆರಳಿಟ್ಟು ಕೂತಿರುತ್ತೇನೆ. ಇದರ ನಡುವೆ ನೀವು ನನ್ನನ್ನು ಒಂದು ಮಾತೂ ಕೇಳದೆ ಬಂಗಲೆಗೆ ಒಪ್ಪಿಸಿ ಹೋಗಿದ್ದೀರಿ. “ನನ್ನ ಹೆಂಡತಿ ಇಂಟರ್‌ಮೀಡಿಯೇಟ್ ಪಾಸು, ಇಂಗ್ಲಿಷ್ ಬರುತ್ತೆ, ಮೇಜು ಅವಳೇ ಸಿಂಗರಿಸುತ್ತಾಳೆ” ಎಂದಿರಂತೆ. ಈ ವರ್ಷ ದೊರೆಸಾನಿಯವರಿಗೆ ನಮ್ಮ ದೇಶದ ರೀತಿಯ ಮೇಜು ಬೇಕಂತೆ. ಕೋಡುಬಳೆ, ಕಜ್ಜಾಯ, ಸಕ್ಕರೆ ಅಚ್ಚು, ಕುಡಿಯದವರಿಗೆ ಪಾನಕ. ಮೈಸೂರಿನಲ್ಲಿ ನಾನು ಕಾಲೇಜಿಗೆ ಹೋದದ್ದು ಕಾಗದದ ಸರಪಣಿ ಅಂಟಿಸುವುದಕ್ಕೆ ಎಂದು ನಮ್ಮ ತಂದೆಯವರಿಗೆ ತಿಳಿದಿದ್ದರೆ ಫೀಸು ಉಳಿಯುತ್ತಿತ್ತು.

ಆದರೂ ಒಪ್ಪಿಕೊಂಡೆ. ಅಣೆಕಟ್ಟೆಯ ಕೆಲಸ ಮುಗಿದಿದೆ, ದಿನಾ ಯಾರದೋ ಮನೆಯ ಪಾತ್ರೆ ಪಡಗ ಗಾಡಿಗೆ ಏರುತ್ತಿದೆ, ಓವರ್‌ಸಿಯರುಗಳಲ್ಲಿ ಯಾರನ್ನು ಇಟ್ಟುಕೊಳ್ಳುತ್ತಾರೆ ಎನ್ನುವುದು ಎಂಜಿನಿಯರ್ ದೊರೆಯ ಕೈಯಲ್ಲಿದೆ. ಅದು ನನಗೆ ಅರ್ಥವಾಗದ್ದಲ್ಲ. ತವರಿನ ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ದಾರ ಬಿಗಿದು, ಸಕ್ಕರೆ ಕಾಯಿಸಿ ಹುಯ್ದೆ. ಅತ್ತೆಯವರು, “ಸಂಕ್ರಾಂತಿಗ್ ಮುಂಚೆ ಅಚ್ಚು ಉಯ್ತಾರೇನವ್ವ, ದೇವ್ರೇ ಬೆಚ್ಚಿಬೀಳ್ತಾನೆ” ಎನ್ನುತ್ತಲೇ ಅಕ್ಕಿ ನೆನೆಸಿ ಕಜ್ಜಾಯದ ಹಿಟ್ಟು ಕುಟ್ಟಿದರು. ಮಗನ ಕೆಲಸ ಉಳಿಯಲಿ ಎಂದು ಒಂದೊಂದು ಏಟಿಗೂ ಶಿವ ಶಿವ ಎಂದರು. ನಿಮ್ಮ ದೊರೆಗಳು ಕಜ್ಜಾಯ ಕಚ್ಚಿದಾಗ ಒಳಗೆ ಅದೂ ಸಿಗುತ್ತದೆ.

ಕಳೆದ ಶುಕ್ರವಾರ ಮನೆಯಲ್ಲಿ ಒಣದ್ರಾಕ್ಷಿ ಮುಗಿಯಿತು. ಹೊಟ್ಟೆ ಕಟ್ಟಿದ ಕೂಸಿಗೆ ನೆನೆದ ದ್ರಾಕ್ಷಿ ಹಿಂಡಿ ನೀರು ಕುಡಿಸುವುದು ನಿಮ್ಮ ಮನೆಯ ಪದ್ಧತಿ, ನಮ್ಮ ಮನೆಯದೂ ಹೌದು. ನೀವೂ ಅದನ್ನು ಕುಡಿದೇ ಬೆಳೆದವರು. ಎಡಪ್ಪಾಡಿ ಸಂತೆಗೆ ಹೋಗುವವರಿಗೆ ಹೇಳಿ ತರಿಸೋಣ ಎಂದೆ. ಅಷ್ಟರಲ್ಲಿ ಅತ್ತೆಯವರ ಕಣ್ಣು ಶೆಲ್ಫಿನ ಮೇಲೆ ಹೋಯಿತು. “ನೆನೆದಿರೋ ದ್ರಾಕ್ಷಿ ಭರಣಿ ತುಂಬ ಮನೇಲೇ ಐತಲ್ಲ. ಒಂದ್ ಸೌಟು ರಸ ತಗಂಡ್ರೆ ದೊರೆಸಾನಿ ಬಡವಾಗೋಯ್ತಾಳಾ?” ಎಂದರು. ನಾನೇ ಸರಿ ಎಂದೆ. ಸಕ್ಕರೆ ಪಾಕ, ಲವಂಗ, ಚಕ್ಕೆ, ಇನ್ನೇನಿರುತ್ತೆ! ಮೇಣ ಬಿಡಿಸಿ ಮೂಸಿ ನೋಡಿ ಅತ್ತೆಯವರ ಮುಖ ಅರಳಿತು. “ಇದು ಬರೀ ಪಾಕ ಅಲ್ಲ ಕಣವ್ವ, ಮದ್ದಿನ ವಾಸನೆ ಐತೆ, ದ್ರಾಕ್ಷಾರಿಷ್ಟದ ಅಂಗೆ. ಕೂಸಿಗೆ ಇನ್ನೂ ಒಳ್ಳೇದು” ಎಂದರು. ನನ್ನ ಮೂಗಿಗೆ ಲವಂಗ ಬಡಿಯಿತು, ಅದರ ಹಿಂದೆ ಇನ್ನೇನೋ ಘಾಟು. ನಮ್ಮ ತಂದೆಯ ಮನೆಗಾಗಲಿ ನಿಮ್ಮ ಮನೆಗಾಗಲಿ ಆ ಪದಾರ್ಥ ಹೊಸ್ತಿಲು ದಾಟಿದ್ದಿಲ್ಲ. ರಮ್ ಎಂಬುದು ಇಂಗ್ಲಿಷ್ ಕಥೆಗಳಲ್ಲಿ ಹಡಗಿನವರು ಕುಡಿಯುವ ವಸ್ತು ಎಂದು ಓದಿದ್ದೇನೆ. ಓದಿನಲ್ಲಿ ವಾಸನೆ ಬರುವುದಿಲ್ಲವಲ್ಲ.

ಹೀಗೆ ನಿಮ್ಮ ತಾಯಿ, ನಂಗವಳ್ಳಿಯಿಂದ ತಂದ ಆ ಬೆಳ್ಳಿ ಒಳಲೆಯಲ್ಲಿ, ಒಂದು ಕಾಲಕ್ಕೆ ನಿಮಗೆ ಹಾಲು ಕುಡಿಸಿದ ಅದೇ ಒಳಲೆಯಲ್ಲಿ, ಕೊರಳಲ್ಲಿ ಲಿಂಗ ಕಟ್ಟಿಸಿಕೊಂಡ ನಿಮ್ಮ ಮಗಳಿಗೆ ದಿನಾ ಮಧ್ಯಾಹ್ನ ದೊರೆಸಾನಿಯ ಸಾರಾಯಿ ಕುಡಿಸಿದರು. ಮೊದಲು ತಾವು ನಾಲಗೆಗೆ ಹಚ್ಚಿ ನೋಡಿ, “ಕಾರ ಐತೆ, ಆದ್ರೂ ಸಿಹಿ” ಎಂದು, ಬಿಸಿನೀರು ಬೆರೆಸಿ ಕುಡಿಸಿದರು. ಪುಟ್ಟಿ ಮಲಗಿದಳು. ಅವಳು ಮಲಗಿದ್ದರಿಂದ ನಾನೂ ಮಲಗಿದೆ. ನೀವು ಹೋದ ಮೇಲೆ ನಾನು ಕಂಡ ನಿದ್ದೆ ಅದೊಂದೇ. ಎದ್ದು ಅತ್ತೆಯವರ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡೆ. ಆ ನಿದ್ದೆಯನ್ನು ನೆನೆದರೆ ಈಗ ಮೈಗೆಲ್ಲ ಬೆಂಕಿ ಬೀಳುತ್ತದೆ. ಅದನ್ನು ನನಗೆ ಕೊಟ್ಟವರು ನೀವು.

ನಿನ್ನೆ ಮಂಗಳವಾರ ಮಧ್ಯಾಹ್ನ ಮೇಜು ಜೋಡಿಸಿ ನೋಡಲು ಬಂಗಲೆಗೆ ಹೋದೆ. ಎಡಪ್ಪಾಡಿಯ ನೇಯ್ಗೆಯ ಬಿಳೀ ಬಟ್ಟೆ ಹಾಸಿ, ಅಂಚಿಗೆ ಸೇವಂತಿಗೆ, ನಡುವೆ ಚೆಂಡುಹೂವಿನ ಬಳ್ಳಿ. ಮೂಲೆಯಲ್ಲಿ ಸರ್ವೆ ಮರದ ಕೊಂಬೆ ನೆಟ್ಟು ಸಿಗರೇಟು ಡಬ್ಬಿಯ ಬೆಳ್ಳಿ ಕಾಗದದ ನಕ್ಷತ್ರಗಳನ್ನು ತೂಗಿಬಿಟ್ಟಿದ್ದರು. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ದೊರೆಸಾನಿಯವರು ಸಕ್ಕರೆ ಅಚ್ಚುಗಳನ್ನು ಕಂಡು ಮಕ್ಕಳಂತೆ ಕುಣಿದರು, ಬಸವಣ್ಣನ ಅಚ್ಚನ್ನು ಎತ್ತಿ ಅದರ ಬೆನ್ನಿನ ಮೇಲೆ ಮೋಂಬತ್ತಿ ನಿಲ್ಲಿಸಿದರು. ನಾನು ಮೆಲ್ಲಗೆ ತೆಗೆದು ಆನೆಯ ಬೆನ್ನಿಗೆ ಸಾಗಿಸಿದೆ, “ಆನೆ ಗಟ್ಟಿ, ಅಮ್ಮಾ” ಎಂದೆ. ಅವರು ನಕ್ಕರು, ನಾನೂ ನಕ್ಕೆ. ಕರವಸ್ತ್ರಗಳನ್ನು ತಾವರೆ ಮೊಗ್ಗಿನಂತೆ ಮಡಿಸುತ್ತಾ ಇದ್ದೆ. ಆಗ ಅವರು, ನಮ್ಮ ಹಣ್ಣುಗಳು ನಿಮ್ಮ ಮನೆಯಲ್ಲಿ ಕುಡಿದು ಮತ್ತೇರಿ ಕೂತಿರಬೇಕಲ್ಲ ಎಂದರು. ನನಗೆ ತಿಳಿಯಲಿಲ್ಲ. ಅವರೇ ಮುಂದುವರಿಸಿದರು: ಎರಡು ಬಾಟಲಿ ರಮ್ ಹಿಡಿಸಿದೆ, ಮೇಲೆ ಬ್ರಾಂಡಿ ಬೇರೆ. ಅಂತೋಣಿಯ ಕೈಗೆ ಬಿಟ್ಟಿದ್ದರೆ ಒಣ ಹಣ್ಣು ಮಾತ್ರ ಉಳಿಯುತ್ತಿತ್ತು. ಮದ್ಯ ಮುಟ್ಟದ ಮನೆ ನಮ್ಮದು, ಅದಕ್ಕಿಂತ ಭದ್ರವಾದ ಬೀರು ಇಲ್ಲ ಎಂದು ನಿಮ್ಮ ಯಜಮಾನರೇ ಹೇಳಿ ತೆಗೆದುಕೊಂಡು ಹೋದರು, ಎಷ್ಟು ಒಳ್ಳೆಯವರು!

ಮಡಿಸುತ್ತಿದ್ದ ಬಟ್ಟೆ ಅಲ್ಲೇ ಬಿತ್ತು. ಅವರಿಗೆ ಏನು ಹೇಳಿದೆನೋ, ಹೇಳಿದೆನೋ ಇಲ್ಲವೋ, ಗೊತ್ತಿಲ್ಲ. ಕ್ವಾರ್ಟರ್ಸಿನ ಸಾಲುಗಳ ನಡುವೆ ಬರಿಗಾಲಲ್ಲಿ ಓಡಿದೆ. ಚಪ್ಪಲಿ ಬಂಗಲೆಯ ಮೆಟ್ಟಿಲ ಬಳಿಯೇ ಉಳಿಯಿತು. ಓವರ್‌ಸಿಯರ್ ಹೆಂಡತಿ ಸೆರಗು ಜಾರಿದ್ದೂ ತಿಳಿಯದೆ ಓಡುವುದನ್ನು ಇಡೀ ಕ್ಯಾಂಪು ನೋಡಿತು, ನಾಳೆ ನಿಮಗೂ ಹೇಳುತ್ತಾರೆ. ಅತ್ತೆಯವರು ಜಗಲಿಯಲ್ಲಿ ಬೆಲ್ಲ ಕುಟ್ಟುತ್ತಿದ್ದರು. “ಶ್, ಸದ್ದು ಮಾಡ್ಬ್ಯಾಡ. ಈಗ್ ತಾನೇ ಮಲಗೌಳೆ. ಅಲ್ಲು ನೋವು ಅಂತ ಒಂದೇ ಸಮ ಚೀರಾಡ್ತಿದ್ಲು, ಅದಕ್ಕೇ ಇವತ್ತು ಇನ್ನೊಂದ್ ಒಳಲೆ ಜಾಸ್ತಿ ಕುಡಿಸ್ದೆ” ಎಂದರು. ತೊಟ್ಟಿಲಿನಿಂದ ಎತ್ತಿಕೊಂಡೆ. ಕತ್ತು ನಿಲ್ಲಲಿಲ್ಲ. ಕೈ ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯಂತೆ ಬಿತ್ತು. ರೆಪ್ಪೆ ಅರ್ಧ ತೆರೆದು ಒಳಗೆ ಬಿಳಿ ಮಾತ್ರ ಕಾಣಿಸುತ್ತಿತ್ತು. ಬಾಯಿ ಮೂಸಿದೆ. ಈಗ ಆ ವಾಸನೆಯ ಹೆಸರು ನನಗೆ ಗೊತ್ತಿತ್ತು.

ಅವಳನ್ನು ಎತ್ತಿಕೊಂಡು ಓಡಿದೆ. ಕೊನೆಯ ಸಾಲಿನ ಡಾಕ್ಟರು ಮನೆಗೆ ಊಟಕ್ಕೆ ಬಂದಿದ್ದರು, ನಮ್ಮ ಪುಣ್ಯ. ಕೈ ತೊಳೆದು ಎದ್ದು ಬಂದು ಪುಟ್ಟಿಯ ಅಂಗಾಲಿಗೆ ತಟ್ಟಿದರು, ಮುಖಕ್ಕೆ ತಣ್ಣೀರು ಸೋಕಿಸಿದರು, ತಲೆಕೆಳಗು ಮಾಡಿ ಬೆನ್ನು ಸವರಿದರು. ಅವಳು ಕಕ್ಕಿದಳು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಅತ್ತಳು. ಯಾವ ಅಳು ನಿಲ್ಲಲಿ ಎಂದು ರಾತ್ರಿಯೆಲ್ಲ ಬೇಡಿಕೊಳ್ಳುತ್ತಿದ್ದೆನೋ ಆ ಅಳುವಿಗಾಗಿ ಡಾಕ್ಟರ ಜಗಲಿಯಲ್ಲಿ ಕೈಮುಗಿದು ಕೂತಿದ್ದೆ. ಡಾಕ್ಟರು ಬೆವರು ಒರೆಸಿಕೊಂಡು, “ಇನಿಮೇ ಪಯಮಿಲ್ಲೆಮ್ಮಾ, ಇನ್ನು ಭಯವಿಲ್ಲ, ಮಗು ಎಲ್ಲಾರಿಗಿಂತ ಮುಂಚೆ ಕ್ರಿಸ್‌ಮಸ್ ಕೊಂಡಾಡಿಬಿಟ್ಟಿತು” ಎಂದು ನಕ್ಕರು. ಭಯ ಬಿಟ್ಟು ಹೋದಾಗ ಬರುವ ನಗು ಅದು, ಅವರ ತಪ್ಪಲ್ಲ. ನನಗೆ ಮಾತ್ರ ಅವರ ಮೇಜಿನ ಮೇಲಿದ್ದ ಗಾಜಿನ ಲೋಟ ಎತ್ತಿ ಯಾರ ಮೇಲಾದರೂ ಎಸೆಯಬೇಕೆನಿಸಿತು. ನೀವು ಧರ್ಮಪುರಿಯಲ್ಲಿದ್ದಿರಿ. ಆಮೇಲೆ ಅವರು ಗಂಭೀರವಾಗಿ ಒಂದು ಮಾತು ಹೇಳಿದರು. ಇನ್ನೊಂದು ಒಳಲೆ ಜಾಸ್ತಿಯಾಗಿದ್ದರೆ ಡಾಕ್ಟರ ಅಗತ್ಯವೇ ಇರುತ್ತಿರಲಿಲ್ಲ ಎಂದರು. ಈ ಮಾತನ್ನು ಎರಡು ಸಲ ಓದಿ. ಕೆಳಗೆ ಗೆರೆಯನ್ನು ನೀವೇ ಎಳೆದುಕೊಳ್ಳಿ.

ನೀವೇನು ಹೇಳುತ್ತೀರೆಂದು ನನಗೆ ಗೊತ್ತು. ಅಮ್ಮನಿಗೆ ತಿಳಿದರೆ ಭರಣಿಯನ್ನು ಬೀದಿಗೆ ಎಸೆಯುತ್ತಿದ್ದರು, ದೊರೆಸಾನಿಗೆ ಕೊಟ್ಟ ಮಾತು ಹೋಗುತ್ತಿತ್ತು, ನಿನಗೆ ಹೇಳಿದ್ದರೆ ನಿನ್ನ ಮುಖದಲ್ಲಿ ಸುಳ್ಳು ನಿಲ್ಲುವುದಿಲ್ಲ. ಇದನ್ನೇ ಅಲ್ಲವೇ? ಹೌದು, ನಿಲ್ಲುವುದಿಲ್ಲ. ನಿಮ್ಮ ಮುಖದಲ್ಲಿ ಎಷ್ಟು ಸಲೀಸಾಗಿ ನಿಂತಿತು ಎಂದು ನಾನೀಗ ಕೂತು ಯೋಚಿಸುತ್ತಿದ್ದೇನೆ. ಬೀರುವಿಗೆ ಒಳಗೆ ಏನಿದೆ ಎಂದು ಯಾರೂ ಹೇಳುವುದಿಲ್ಲ, ನಿಜ. ನೀವು ನನ್ನನ್ನೂ ನಿಮ್ಮ ತಾಯಿಯನ್ನೂ ಬೀರು ಮಾಡಿದಿರಿ. ನಮ್ಮ ನಂಬಿಕೆಯನ್ನೇ ಬೀಗವಾಗಿ ಜಡಿದು, ಆ ಬೀಗದ ಹೆಮ್ಮೆಯನ್ನು ಬಂಗಲೆಯಲ್ಲಿ ಹೇಳಿಕೊಂಡಿರಿ. ಓದಿದವಳು ಓದಿದವಳು ಎಂದು ಊರೆಲ್ಲ ಡಂಗುರ ಹೊಡೆಯುವವರು ಓದಿದವಳಿಗೆ ಒಂದು ಸತ್ಯ ಹೇಳುವಷ್ಟು ಧೈರ್ಯ ಮಾಡಬಾರದಿತ್ತೇ? ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ. ಜಗಳವಾಡಿ, ಕೊನೆಗೆ ನಿಮ್ಮ ಕೆಲಸದ ಮುಖ ನೋಡಿ, ಆ ಭರಣಿಯನ್ನು ನನ್ನ ಟ್ರಂಕಿಗೆ ಹಾಕಿ ಬೀಗ ಹಾಕುತ್ತಿದ್ದೆ. ಅಷ್ಟೇ ಆಗುತ್ತಿದ್ದದ್ದು.

ಈಗ ಅದು ಟ್ರಂಕಿನಲ್ಲೇ ಇದೆ. ನಾಳೆ ಬೆಳಿಗ್ಗೆ ಜವಾನನ ಕೈಲಿ ಬಂಗಲೆಗೆ ಕಳಿಸುತ್ತೇನೆ. ರಸ ತಗ್ಗಿದ್ದು ಹೇಗೆಂದು ದೊರೆಸಾನಿಯವರು ಕೇಳಿದರೆ ಉತ್ತರ ನೀವೇ ಕೊಡಿ. ಅಂತೋಣಿ ಕುಡಿದ ಎಂದು ಮಾತ್ರ ಹೇಳಬೇಡಿ. ಆ ಬಡಪಾಯಿ ಈ ಸಲ ಒಂದು ತೊಟ್ಟನ್ನೂ ಕಂಡಿಲ್ಲ. ದೊರೆಸಾನಿಯವರ ಮೇಲೆ ನನಗೆ ಕೋಪವಿಲ್ಲ. ಇವತ್ತು ಅವರೇ ನನ್ನ ಚಪ್ಪಲಿಯನ್ನು ಜವಾನನ ಕೈಲಿ ಕಳಿಸಿ, ಮಗು ಹೇಗಿದೆ ಎಂದು ಚೀಟಿ ಬರೆದು ಕೇಳಿದ್ದಾರೆ. ಅವರಾದರೂ ಕೇಳಿದರು. ಅಚ್ಚು, ಕೋಡುಬಳೆ, ಕಜ್ಜಾಯ ಎಲ್ಲ ಹೇಳಿದ ದಿನ ಹೋಗುತ್ತದೆ, ಪಾನಕಕ್ಕೆ ಶುಂಠಿಯನ್ನು ನನಗೆ ತೋಚಿದಷ್ಟು ಹಾಕುತ್ತೇನೆ. ಆದರೆ ರೇಷ್ಮೆ ಸೀರೆ ಉಟ್ಟು, ಪುಟ್ಟಿಯನ್ನು ಎತ್ತಿಕೊಂಡು, ನಿಮ್ಮ ಪಕ್ಕದಲ್ಲಿ ನಿಂತು ನಾನು ಹಲ್ಲು ಕಿರಿಯುವುದಿಲ್ಲ. ಮೇಜಿನ ಸಿಂಗಾರಕ್ಕೆ ಹೂವು ಸಾಕಷ್ಟಿದೆ.

ಅತ್ತೆಯವರಿಗೆ ಇನ್ನೂ ಏನೂ ಹೇಳಿಲ್ಲ. ಅಜೀರ್ಣ ಎಂದೆ. “ನಿನ್ ಓದು ನಿನ್ನ ಎದರಿಸ್ತೈತೆ ಕಣವ್ವ, ಕಕ್ಕಿದ್ ಕೂಸ್ನೆಲ್ಲ ಡಾಕ್ಟ್ರ ಅತ್ರ ಎತ್ಕಂಡೋದ್ರೆ ಡಾಕ್ಟ್ರೇ ಓಡೋಯ್ತಾನೆ” ಎಂದು ನನ್ನನ್ನು ಗೇಲಿ ಮಾಡಿದರು. ದೊರೆಸಾನಿಯ ದ್ರಾಕ್ಷಿಯಿಂದ ಮೊಮ್ಮಗಳಿಗೆ ಹಲ್ಲಿನ ನೋವು ಹೋಯಿತೆಂದು ಸಾಲಿನ ಹೆಂಗಸರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾರೆ. ನಾನು ಹೇಳುವುದಿಲ್ಲ. ಆ ಕೈಗಳನ್ನು ಕಣ್ಣಿಗೊತ್ತಿಕೊಂಡ ನನ್ನ ಬಾಯಿಂದ, ನೀವು ಕೂಸಿಗೆ ವಿಷ ಎರೆದಿರಿ ಎಂಬ ಮಾತು ಬರುವುದಿಲ್ಲ. ನೀವು ಬಂದು ಅವರ ಎದುರು ಕೂತು ನಿಮ್ಮ ಬಾಯಿಂದಲೇ ಹೇಳಿ. ಅಲ್ಲಿಯವರೆಗೆ ನನ್ನಿಂದ ನಿಮಗೆ ಬೇರೆ ಮಾತಿಲ್ಲ.

ಮೈ ನೋಡಿಕೊಳ್ಳಿ. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಇದು ಕೋಪದಲ್ಲಿ ಹೇಳುವ ಮಾತಲ್ಲ. ಪುಟ್ಟಿ ಈಗ ನನ್ನ ಮಡಿಲಲ್ಲಿ ಈ ಕಾಗದದ ತುದಿಯನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿದ್ದಾಳೆ. ಇಲ್ಲಿ ಒದ್ದೆಯಾಗಿರುವುದು ಅವಳ ಜೊಲ್ಲು, ನನ್ನ ಕಣ್ಣೀರು ಎಂದುಕೊಳ್ಳಬೇಡಿ.

ಇಂತು,
ನೀಲಾಂಬಿಕೆ

ಮೇಲೆ ಬರೆದದ್ದನ್ನು ಮಡಿಸುವ ಮುಂಚೆ ಇಷ್ಟು: ಡ್ರೈವರ್ ಜವರಪ್ಪ ಧರ್ಮಪುರಿಗೆ ಲಾರಿ ಹೊರಡಿಸಿಕೊಂಡು ಬಾಗಿಲಲ್ಲಿ ಹಾರನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಸರಿ ಮಾಡಿಕೊಂಡು ಓದಿ. ಈಗಷ್ಟೇ ಪಕ್ಕದ ಮನೆಯ ಪಾಪಾತಿ ತನ್ನ ಎಳೆಗೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು, ಕೈಯಲ್ಲಿ ಲೋಟ. “ಪಾಟಿ, ಅಂದ ಮರುಂದು ಕೊಂಜಂ ಕುಡುಂಗ” ಎಂದು ಅತ್ತೆಯವರ ಹತ್ತಿರ ಆ ಮದ್ದು ಸ್ವಲ್ಪ ಕೇಳಿದಳು. ಮೊನ್ನೆ ಒಂದು ಚಮಚ ಕೊಟ್ಟಿದ್ದರಂತೆ, ಕೂಸು ಚೆನ್ನಾಗಿ ಮಲಗಿತಂತೆ. ಅತ್ತೆಯವರು ಶೆಲ್ಫು ತಡಕಿ ಭರಣಿ ಎಲ್ಲಿ ಎಂದರು. ಇಲ್ಲ ಎಂದೆ. “ಕೊಡಾಕೇನವ್ವ ಕಷ್ಟ ನಿಂಗೆ, ಪಾವಂ, ಆ ಕೂಸು ಅಳ್ತಾ ಐತೆ” ಎಂದು ಟ್ರಂಕಿನ ಬೀಗದ ಕೈಗೆ ಕೈ ಚಾಚಿದರು. ನಿಮಗಾಗಿ ಕಾಯಲು ಆಗಲಿಲ್ಲ. ಹೇಳಿಬಿಟ್ಟೆ. ಪಾಪಾತಿ ಮಗುವನ್ನು ಅವಚಿಕೊಂಡು ಹೋದಳು. ಅತ್ತೆಯವರು ಮೈಲಿಗೆ ಮಡಿ ಎಂದು ಕೂಗಾಡಲಿಲ್ಲ. ಕೇಳಿದ್ದು ಒಂದೇ: “ಅದು ಏನೂಂತ ನನ್ ಮಗನಿಗೆ ಗೊತ್ತಿತ್ತಾ?” ಗೊತ್ತಿತ್ತು ಎಂದೆ. ಬೆಳ್ಳಿ ಒಳಲೆಯನ್ನು ತೊಳೆದು, ಒರೆಸಿ, ತಂದು ಬಾಗಿಲ ಹೊಸ್ತಿಲ ಮೇಲೆ ಇಟ್ಟಿದ್ದಾರೆ. ನೀವೇ ಬಂದು ಎತ್ತಿಕೊಡಬೇಕಂತೆ, ಅಲ್ಲಿಯವರೆಗೆ ತಮ್ಮ ಕೈಯಿಂದ ಕೂಸಿಗೆ ನೀರೂ ಕುಡಿಸುವುದಿಲ್ಲವಂತೆ. ಒಲೆಯ ಮೇಲೆ ಕಜ್ಜಾಯದ ಪಾಕ ಗಟ್ಟಿಯಾಗುತ್ತಿದೆ, ಅವರು ಏಳುತ್ತಿಲ್ಲ. ನಾವೆಲ್ಲ ಹೊಸ್ತಿಲು ದಾಟುವಾಗ ಕಾಲೆತ್ತಿ ದಾಟುತ್ತಿದ್ದೇವೆ. ಜವರಪ್ಪ ನಾಳೆ ಇದೇ ಲಾರಿಯಲ್ಲಿ ವಾಪಸಾಗುತ್ತಾನೆ. ಹತ್ತಿಕೊಂಡು ಬನ್ನಿ.